ಕೋಟೆ ಮೆಟ್ಟಿಲಲ್ಲಿ ಬ್ಯಾಗಿನ ಹುಕ್ಕು ಮುರಿಯಿತು – ಕ್ಯಾಮೆರಾಗೆ ಗಟ್ಟಿ ಸೈಡ್ ಬ್ಯಾಗು ಯಾವುದು?

ಕಲ್ಲಿನಕೋಟೆ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ವಾರಪೂರ್ತಿ ಮೇಷ್ಟ್ರು, ಭಾನುವಾರ ಮಾತ್ರ ಫೋಟೋಗ್ರಾಫರ್. ಮೊನ್ನೆ ಭಾನುವಾರ ಬೆಳಿಗ್ಗೆ ಕೋಟೆ ಹತ್ತುತ್ತಿದ್ದೆ. ಏಕನಾಥೇಶ್ವರಿ ಗುಡಿ ಹತ್ತಿರ ಬಂದಿದ್ದೆ ಅಷ್ಟೇ. ಟಕ್ ಅಂತ ಸದ್ದು. ಹೆಗಲು ಹಗುರವಾಯಿತು. ತಿರುಗಿ ನೋಡಿದರೆ ಬೆಲ್ಟು ಹೆಗಲ ಮೇಲೇ ಇದೆ, ಬ್ಯಾಗು ಎರಡು ಮೆಟ್ಟಿಲು ಕೆಳಗೆ ಮಕಾಡೆ ಬಿದ್ದಿದೆ.

ಕ್ಯಾಮೆರಾಗೆ ಏನೂ ಆಗಿಲ್ಲ. 70-300 ಲೆನ್ಸಿನ ಮೇಲಿದ್ದ ಫಿಲ್ಟರ್ ಮಾತ್ರ ಚೂರು ಚೂರು. ಅದರ ರಿಂಗು ಸೊಟ್ಟಗಾಗಿ ಈಗ ಬಿಚ್ಚಲೂ ಬರುತ್ತಿಲ್ಲ. ನಾನು ಕೂತು ಗಾಜು ಆರಿಸುತ್ತಿದ್ದರೆ ಒಂದು ಕೋತಿ ಬಂದು ಬ್ಯಾಗಿನ ಜೇಬಿನಿಂದ ಬಿಸ್ಕತ್ತು ಪೊಟ್ಟಣ ತೆಗೆದುಕೊಂಡು ಹೋಯಿತು. ಅದಕ್ಕೆ ಜಿಪ್ಪು ಎಳೆಯುವುದು ನನಗಿಂತ ಚೆನ್ನಾಗಿ ಗೊತ್ತು.

ಬ್ಯಾಗು ತೆಗೆದುಕೊಂಡು ಮೂರು ವರ್ಷ. ಬಟ್ಟೆ ಇವತ್ತಿಗೂ ಹೊಸದರ ಹಾಗಿದೆ. ಮುರಿದದ್ದು ಬೆಲ್ಟಿನ ತುದಿಯ ಹುಕ್ಕು. ಐದು ಸಾವಿರದೊಳಗೆ ಗಟ್ಟಿ ಬ್ಯಾಗು ಹೇಳಿ. ಸೈಡ್ ಬ್ಯಾಗೇ ಬೇಕು. ಬೆನ್ನಿಗೆ ಹಾಕುವುದನ್ನು ದಯವಿಟ್ಟು ಹೇಳಬೇಡಿ.

ಬೆಣ್ಣೆಖಾಲಿ (ದಾವಣಗೆರೆ)

ಕೋತಿ ಬಿಸ್ಕತ್ತಿಗೆ ಬಿಟ್ಟಿತಲ್ಲ, ನಿಮ್ಮ ಪುಣ್ಯ. ನಮ್ಮ ಮಾವನ ಕನ್ನಡಕ ಇನ್ನೂ ಅದೇ ಕೋಟೆಯಲ್ಲಿ ಎಲ್ಲೋ ಇದೆ.

ಗಾಳಿಮರ (ಚಿತ್ರದುರ್ಗ)

ಹೇಳಬೇಡಿ ಅಂದರೂ ಹೇಳುತ್ತೇನೆ ಸರ್. ಬೆನ್ನಿನ ಬ್ಯಾಗು. ಒಂದೇ ಹೆಗಲಿಗೆ ಅಷ್ಟು ಭಾರ ಯಾಕೆ?

ಛತ್ರದ_ಫ್ಲ್ಯಾಶ್ (ದಾವಣಗೆರೆ)

ಗಾಳಿಮರ ಅವರೇ, ಅವರು ಕೇಳಿದ್ದಕ್ಕೆ ಉತ್ತರ ಕೊಡೋಣ. ಮೇಷ್ಟ್ರೇ, ಹದಿನಾಲ್ಕು ವರ್ಷದಿಂದ ಮದುವೆ ತೆಗೆಯುತ್ತಿದ್ದೇನೆ. ಧಾರೆ ಹೊತ್ತಿನಲ್ಲಿ ಬ್ಯಾಗು ಬೆನ್ನಿನಿಂದ ಇಳಿಸಿ, ಬಿಚ್ಚಿ, ಲೆನ್ಸು ತೆಗೆಯುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ. ಸೈಡ್ ಬ್ಯಾಗು ಯಾಕೆ ಬೇಕು ಅಂತ ನನಗೆ ಯಾರೂ ಹೇಳಬೇಕಿಲ್ಲ.

ಆದರೆ ಬ್ಯಾಗಿನ ಹೆಸರು ಕೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬ್ಯಾಗಿನಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ತಕ್ಕಡಿಗೆ ಹಾಕಿ. ಅಂದಾಜು ಬೇಡ. ನಿಜವಾಗಿ ತೂಗಿ ಇಲ್ಲಿ ಬರೆಯಿರಿ. ಮತ್ತೆ ಮುರಿದ ಹುಕ್ಕು ಬಿಸಾಕಬೇಡಿ.

ಕಲ್ಲಿನಕೋಟೆ

ನಮ್ಮಣ್ಣನ ಕಿರಾಣಿ ಅಂಗಡಿಯಲ್ಲಿ ತೂಗಿ ಬಂದೆ. ಬೇಳೆ ತಗೊಳ್ಳೋಕೆ ಬಂದವರೆಲ್ಲ ನಿಂತು ನೋಡಿದರು.

ನಿಕಾನ್ ಡಿ7500 ಬ್ಯಾಟರಿ, ಕಾರ್ಡ್ ಸಮೇತ 720 ಗ್ರಾಂ. 18-140 ಲೆನ್ಸು 490. 70-300 ಲೆನ್ಸು 680. 35 ಎಂಎಂ 200. ಫ್ಲ್ಯಾಶ್ ನಾಲ್ಕು ಸೆಲ್ ಸೇರಿ 460. ಇಷ್ಟಕ್ಕೆ ಎರಡೂವರೆ ಕಿಲೋ ಚಿಲ್ಲರೆ. ಚಾರ್ಜರು, ಇನ್ನೊಂದು ಬ್ಯಾಟರಿ, ಒರೆಸುವ ಬಟ್ಟೆ ಎಲ್ಲ ಸೇರಿ 300. ಛತ್ರಿ, ತಿಂಡಿ 200. ಖಾಲಿ ಬ್ಯಾಗೇ 1,150. ಆಮೇಲೆ ನೀರು ತುಂಬಿದ ಸ್ಟೀಲ್ ಬಾಟಲಿ 1,300!

ಒಟ್ಟು ಐದೂವರೆ ಕಿಲೋ. ಅದರಲ್ಲಿ ಕ್ಯಾಮೆರಾ, ಲೆನ್ಸು, ಫ್ಲ್ಯಾಶ್ ಎಲ್ಲ ಸೇರಿದರೂ ಅರ್ಧ ಇಲ್ಲ. ಇಷ್ಟು ದಿನ ಲೆನ್ಸು ಭಾರ ಅಂತ ಲೆನ್ಸನ್ನೇ ಬೈಯುತ್ತಿದ್ದೆ.

ಛತ್ರದ_ಫ್ಲ್ಯಾಶ್

ಅದಕ್ಕೇ ತೂಗಲು ಹೇಳಿದ್ದು. ನೀರಿನ ಬಾಟಲಿ ಇವತ್ತೇ ಆಚೆ ಹಾಕಿ. ಲೆನ್ಸಿನ ಪಕ್ಕ ನೀರು ಇಟ್ಟುಕೊಂಡು ಓಡಾಡುವುದು ಬೇರೆ ಲೆಕ್ಕದಲ್ಲೂ ತಪ್ಪು.

ರೆಕ್ಸಿನ್_ಮನೆ (ದಾವಣಗೆರೆ)

ಹುಕ್ಕಿನ ವಿಷಯ ಬಂತು ಅಂತ ನಾನೂ ಬಂದೆ. ನಮ್ಮಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ಹೊಲಿಗೆ ಮಷೀನ್ ಹಿಡಿದರು. ನಾನು ಬ್ಯಾಗು ರಿಪೇರಿ ಮಾಡುತ್ತಲೇ ದೊಡ್ಡವನಾದೆ. ನಮ್ಮಲ್ಲಿಗೆ ಬರುವ ಹತ್ತು ಬ್ಯಾಗಿನಲ್ಲಿ ಬಟ್ಟೆ ಹರಿದದ್ದು ಒಂದು ಇದ್ದರೆ ಹೆಚ್ಚು. ಉಳಿದದ್ದೆಲ್ಲ ಜಿಪ್ಪು, ಹುಕ್ಕು, ಇಲ್ಲ ಬೆಲ್ಟಿನ ಬುಡ.

ಮೇಷ್ಟ್ರೇ, ಹುಕ್ಕು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ರವೆ ರವೆಯಾಗಿ, ಬೂದು ಬಣ್ಣ ಕಾಣುತ್ತದಾ? ಹಾಗಿದ್ದರೆ ಅದು ಸತುವಿನ ಎರಕ. ಮೇಲೆ ಕರಿ ಬಣ್ಣ ಬಳಿದು ಕಬ್ಬಿಣದ ಹಾಗೆ ಕಾಣಿಸುತ್ತಾರೆ. ಉಕ್ಕು ಮೊದಲು ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಹುಷಾರಾಗಬಹುದು. ಸತುವಿನ ಎರಕ ಹೇಳದೆ ಕೇಳದೆ ಮುರಿಯುತ್ತದೆ. ಐದೂವರೆ ಕಿಲೋ ಅನ್ನುವುದು ನೀವು ನಿಂತಿದ್ದಾಗಿನ ಲೆಕ್ಕ. ಮೆಟ್ಟಿಲು ಇಳಿಯುವಾಗ ಹೆಜ್ಜೆಗೊಂದು ಜಗ್ಗು ಬೀಳುತ್ತದೆ. ಮೂರು ವರ್ಷ ಕೋಟೆ ಹತ್ತಿ ಇಳಿದಿದ್ದೀರಿ, ಎಷ್ಟು ಸಾವಿರ ಸಲ ಜಗ್ಗಿರಬೇಕು?

ಕಂಪನಿಯವರು ಬಟ್ಟೆಯನ್ನೇ ಹೊಗಳುತ್ತಾರೆ. 1000 ಡೀನಿಯರ್, 1680 ಡೀನಿಯರ್ ಅಂತ. ಅದು ನೂಲು ಎಷ್ಟು ದಪ್ಪ ಅನ್ನುವ ಲೆಕ್ಕ ಅಷ್ಟೇ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್. 500 ಡೀನಿಯರ್ ಒಳ್ಳೆ ನೈಲಾನ್ ಆದರೆ ಕ್ಯಾಮೆರಾ ಬ್ಯಾಗಿಗೆ ಸಾಕು. ಅದಕ್ಕಿಂತ ಬೆಲ್ಟು ಎಲ್ಲಿ ಸೇರುತ್ತದೆ ಅಂತ ನೋಡಿ. ಬ್ಯಾಗಿನ ಬಾಯಿ ಹತ್ತಿರ ಎರಡಿಂಚು ಪಟ್ಟಿ, ಅದಕ್ಕೊಂದು ಡಿ ರಿಂಗು, ಅದಕ್ಕೊಂದು ಹುಕ್ಕು. ಹೀಗಿದ್ದರೆ ಇಡೀ ಭಾರ ಆ ಎರಡಿಂಚಿನ ಮೇಲೇ. ತೊಟ್ಟಿಲಿನ ಹಗ್ಗ ನೋಡಿದ್ದೀರಲ್ಲ, ತಳದಿಂದ ಎತ್ತಿಕೊಂಡು ಬರುತ್ತದೆ. ಬೆಲ್ಟೂ ಹಾಗೇ ಬ್ಯಾಗಿನ ತಳ ಸುತ್ತಿ ಬಂದಿರಬೇಕು.

ಹಳೇ_ರೀಲು (ಚಿತ್ರದುರ್ಗ)

ತೊಟ್ಟಿಲಿನ ಮಾತು ಸರಿಯಾಗಿ ಹೇಳಿದಿರಿ. ನಾನು ಪತ್ರಿಕೆ ಫೋಟೋಗ್ರಾಫರ್ ಆಗಿದ್ದವನು, ರೀಲಿನ ಕಾಲದಿಂದ. ಈಗ ರಿಟೈರ್ಡ್. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಿಮ್ ಡೊಮ್ಕೆ ಅಂತ ಒಬ್ಬರು ಪತ್ರಿಕೆ ಫೋಟೋಗ್ರಾಫರ್ ಇದ್ದರು. ಅಂಗಡಿಯ ಪೆಟ್ಟಿಗೆಯಂಥ ಬ್ಯಾಗುಗಳು ಹಿಡಿಸದೆ 1970ರ ದಶಕದಲ್ಲಿ ತಮಗೆ ಬೇಕಾದ ಹಾಗೆ ಕ್ಯಾನ್ವಾಸ್ ಬ್ಯಾಗು ಮಾಡಿಸಿಕೊಂಡರು. ಅದರ ಬೆಲ್ಟು ಬ್ಯಾಗನ್ನು ಸುತ್ತಿಕೊಂಡೇ ಬರುತ್ತದೆ, ನೀವು ಹೇಳಿದ ಹಾಗೆ. ಆಮೇಲೆ ಅದು ಪ್ರಪಂಚದ ಪತ್ರಿಕೆಯವರ ಹೆಗಲೇರಿತು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕತೆ ಇನ್ನೂ ಮಜಾ. 1973ರಲ್ಲಿ ಶುರುವಾದಾಗ ಅವರು ಹೊಲಿಯುತ್ತಿದ್ದದ್ದು ಮೀನು ಹಿಡಿಯುವವರ ಬ್ಯಾಗು. ನ್ಯೂಯಾರ್ಕಿನ ಫೋಟೋಗ್ರಾಫರ್‌ಗಳು ಅದನ್ನೇ ಕೊಂಡು ಕ್ಯಾಮೆರಾ ತುಂಬಿಕೊಂಡರು. ಅದು ಗೊತ್ತಾದ ಮೇಲೆ ಕಂಪನಿ ಕ್ಯಾಮೆರಾ ಬ್ಯಾಗಿಗೆ ತಿರುಗಿತು.

ನಾನು ಕ್ಯಾನ್ವಾಸ್ ಕಡೆಯವನು. ಕಾರಣ ಬೇರೆ. ನಾಯಕನಹಟ್ಟಿ ಜಾತ್ರೆ ತೆಗೆದವರಿಗೆ ಗೊತ್ತು, ಅಲ್ಲಿ ಕೊಬ್ಬರಿ ಸುಡುತ್ತಾರೆ. ರಾಶಿ ರಾಶಿ ಕೊಬ್ಬರಿ, ಎಣ್ಣೆ ಹೊಗೆ, ಗಾಳಿ ಬಂದರೆ ಕಿಡಿ. ಒಂದು ವರ್ಷ ಪಕ್ಕದಲ್ಲಿದ್ದ ಹುಡುಗನ ನೈಲಾನ್ ಬ್ಯಾಗಿನ ಮೇಲೆ ಕಿಡಿ ಬಿತ್ತು. ಮನೆಗೆ ಹೋಗಿ ನೋಡಿದರೆ ಬ್ಯಾಗಿನ ತುಂಬ ಸೂಜಿ ಚುಚ್ಚಿದ ಹಾಗೆ ತೂತು, ತೂತಿನ ಅಂಚು ಕರಗಿ ಮಣಿಯ ಹಾಗೆ ಗಟ್ಟಿಯಾಗಿತ್ತು. ನನ್ನ ಕ್ಯಾನ್ವಾಸಿನ ಮೇಲೂ ಬಿದ್ದಿತ್ತು. ಕಂದು ಚುಕ್ಕೆ ಉಳಿಯಿತು ಅಷ್ಟೇ. ಹತ್ತಿ ಕರಗುವುದಿಲ್ಲ.

ಗಾಳಿಮರ

ಸರ್, ಕ್ಯಾನ್ವಾಸ್ ನೆಂದರೆ ಎಷ್ಟು ದಿನಕ್ಕೆ ಒಣಗುತ್ತದೆ ಅಂತಲೂ ಹೇಳಿ.

ಹಳೇ_ರೀಲು

ಹೇಳುತ್ತೇನೆ ಮಾರಾಯ. ಎರಡು ದಿನ. ಮೋಡ ಇದ್ದರೆ ಮೂರು. ನೆಂದರೆ ಭಾರವೂ ಜಾಸ್ತಿ. ಮೇಣ ಹಾಕಿದ ಕ್ಯಾನ್ವಾಸ್ ಆದರೆ ಪರವಾಗಿಲ್ಲ, ಆದರೆ ದುರ್ಗದ ಏಪ್ರಿಲ್ ಬಿಸಿಲಿಗೆ ಮೇಣ ಅಂಗಿಗೆ ಅಂಟುತ್ತದೆ. ನಮ್ಮ ಮನೆಯವಳ ಹತ್ತಿರ ಬೈಸಿಕೊಂಡಿದ್ದೇನೆ.

ಕುಂದವಾಡದ_ಹಕ್ಕಿ (ದಾವಣಗೆರೆ)

ನೀರಿನ ವಿಷಯದಲ್ಲಿ ನನ್ನದೂ ಒಂದು ಅನುಭವ. 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತಲ್ಲ, 1933 ಆದಮೇಲೆ ಅದೇ ಮೊದಲು. ಊರಿಗೆ ಊರೇ ನೋಡಲು ಹೋಗಿತ್ತು, ನಾವೂ ಹೋದೆವು. ಮಳೆ ಶುರುವಾಯಿತು. ಬ್ಯಾಗಿಗೆ ಮಳೆ ಕವರ್ ಹಾಕಿದೆ, ನಿಶ್ಚಿಂತೆ ಅಂದುಕೊಂಡೆ. ಒದ್ದೆ ಕಲ್ಲಿನ ಮೇಲೆ ಬ್ಯಾಗು ಇಟ್ಟು ಅರ್ಧ ಗಂಟೆ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ತಳದ ಫೋಮು ಪಿಚಪಿಚ ಅನ್ನುತ್ತಿತ್ತು.

ಮೇಲಿನಿಂದ ಒಂದು ಹನಿ ಬಂದಿರಲಿಲ್ಲ. ನೀರು ಬಂದದ್ದು ತಳದ ಹೊಲಿಗೆಯ ತೂತಿನಿಂದ. ಬಟ್ಟೆಗೆ ಎಷ್ಟೇ ಲೇಪನ ಇರಲಿ, ಸೂಜಿ ಹೋದ ಕಡೆ ತೂತು ತೂತೇ ಅಲ್ವಾ? ಅವತ್ತಿನಿಂದ ತಳ ನೋಡದೆ ಬ್ಯಾಗು ಕೊಳ್ಳುವುದಿಲ್ಲ. ತಳಕ್ಕೆ ರಬ್ಬರಿನ ಥರದ ದಪ್ಪ ಹಾಳೆ ಇರಬೇಕು, ಹೊಲಿಗೆ ನೆಲಕ್ಕೆ ತಾಗದೆ ಪಕ್ಕದಲ್ಲಿ ಸ್ವಲ್ಪ ಮೇಲೆ ಬಂದಿರಬೇಕು. ಇಲ್ಲದಿದ್ದರೆ ನಾಲ್ಕು ಮೂಲೆಗೆ ಗುಂಡಿಯಂಥ ಕಾಲಾದರೂ ಇರಲಿ.

ಇನ್ನೊಂದು. ಒಳಗಡೆಯ ಪಿಯು (ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್) ಲೇಪನ ಹೊಸದರಲ್ಲಿ ಚೆನ್ನಾಗಿರುತ್ತದೆ. ಬೀರುವಿನಲ್ಲಿ ಮುಚ್ಚಿಟ್ಟರೆ ಕೆಲವು ವರ್ಷಕ್ಕೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ತೇವಕ್ಕೆ ಅದು ತಾನಾಗಿ ಕೆಡುವ ವಸ್ತು. ಹಾಗಾಗಿ ಬ್ಯಾಗನ್ನು ಕವರಿನಲ್ಲಿ ಕಟ್ಟಿ ಇಡಬೇಡಿ, ಗಾಳಿ ಆಡುವ ಕಡೆ ತೂಗುಹಾಕಿ. ಲೆನ್ಸಿಗೆ ಫಂಗಸ್ ಬರುವುದೂ ಹೀಗೆ ಮುಚ್ಚಿಟ್ಟ ಬ್ಯಾಗಿನಲ್ಲೇ.

ಗಾಳಿಮರ

ಅಕ್ಕ, ನೀವು 200-500 ಲೆನ್ಸು ಸೈಡ್ ಬ್ಯಾಗಿನಲ್ಲೇ ಒಯ್ಯುತ್ತೀರಾ?

ಕುಂದವಾಡದ_ಹಕ್ಕಿ

ಇಲ್ಲಪ್ಪ. ಅದೊಂದೇ ಎರಡು ಕಿಲೋ ಮುನ್ನೂರು ಗ್ರಾಂ. ಅದಕ್ಕೆ ಬೆನ್ನಿನ ಬ್ಯಾಗೇ. ಆ ಮಟ್ಟಿಗೆ ನೀನು ಹೇಳುವುದು ಸರಿ. ಕೆರೆ ಏರಿ ಮೇಲೆ ಸುಮ್ನೆ ಅಡ್ಡಾಡುವ ದಿನ ಸೈಡ್ ಬ್ಯಾಗು, ಒಂದು ಬಾಡಿ, ಒಂದು ಚಿಕ್ಕ ಲೆನ್ಸು. ಅದನ್ನೂ ಒಂದೇ ಹೆಗಲಿಗೆ ನೇತುಹಾಕುವುದಿಲ್ಲ. ತಲೆ ಮೇಲಿಂದ ಅಡ್ಡಡ್ಡ ಹಾಕುತ್ತೇನೆ. ಹೆಗಲಿಂದ ಜಾರುವ ಬ್ಯಾಗನ್ನು ಹಿಡಿಯಲು ನಮಗೆ ಗೊತ್ತಿಲ್ಲದೆ ಆ ಹೆಗಲು ಮೇಲೆತ್ತಿಕೊಂಡೇ ನಡೆಯುತ್ತೇವೆ. ಸಂಜೆ ಕುತ್ತಿಗೆ ನೋವು ಬರುವುದು ಅದಕ್ಕೇ.

ಗಾಳಿಮರ

ನನ್ನ ವಾದ ಇಷ್ಟೇ. ತುಪ್ಪದ ಕೊಳದ ಬತ್ತೇರಿಗೆ ಹತ್ತಿದ್ದೀರಲ್ಲ ಮೇಷ್ಟ್ರೇ? ಬಂಡೆಯಲ್ಲಿ ಕಾಲಿಡಲು ಕಚ್ಚು ಹೊಡೆದಿದ್ದಾರೆ, ಅಷ್ಟೇ ಆಧಾರ. ಎರಡೂ ಕೈ ಬೇಕು. ಮುಂದೆ ಬಾಗಿದ ತಕ್ಷಣ ಸೈಡ್ ಬ್ಯಾಗು ಸೊಂಟದಿಂದ ಜಾರಿ ಹೊಟ್ಟೆ ಮುಂದೆ ಬಂದು ಬಂಡೆಗೆ ಬಡಿಯುತ್ತದೆ. ನಾನು ಒಂದು ಲೆನ್ಸು ಹಾಗೇ ಕಳೆದುಕೊಂಡವನು. ಅದಕ್ಕೇ ಹೇಳಿದ್ದು, ವಾದಕ್ಕೆ ಅಲ್ಲ.

ಕಲ್ಲಿನಕೋಟೆ

ಅದು ನಿಜ. ನಾನು ಅಲ್ಲಿ ಬ್ಯಾಗನ್ನು ಕೆಳಗೆ ಸ್ನೇಹಿತನ ಹತ್ತಿರ ಬಿಟ್ಟು ಹತ್ತುತ್ತೇನೆ. ಸ್ನೇಹಿತ ಬರದ ದಿನ ಹತ್ತುವುದಿಲ್ಲ.

ಹಳೇ_ರೀಲು

ಒಂದು ಉಪಾಯ. ಬ್ಯಾಗಿನ ಹಿಂಭಾಗದ ಎರಡು ಪಕ್ಕಕ್ಕೆ ಒಂದಿಂಚಿನ ಪಟ್ಟಿ ಹೊಲಿಸಿ ಸೊಂಟಕ್ಕೆ ಕಟ್ಟಿಕೊಳ್ಳಿ. ಬ್ಯಾಗು ಅಲುಗುವುದಿಲ್ಲ. ಜಾತ್ರೆಯಲ್ಲಿ ನಾನು ಯಾವಾಗಲೂ ಹಾಗೇ.

ಛತ್ರದ_ಫ್ಲ್ಯಾಶ್

ಜಿಪ್ಪಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಬ್ಯಾಗು ಹಾಳಾದದ್ದು ಅಕ್ಷತೆಯಿಂದ ಅಂದರೆ ನಗಬೇಡಿ. ಮಾಂಗಲ್ಯದ ಹೊತ್ತಿಗೆ ಅಕ್ಷತೆ ಬೀಳುತ್ತದಲ್ಲ, ಬಾಯಿ ತೆರೆದ ಬ್ಯಾಗಿಗೂ ಬೀಳುತ್ತದೆ. ಒಂದು ಕಾಳು ಜಿಪ್ಪಿನ ಹಲ್ಲಿಗೂ ರನ್ನರಿಗೂ ನಡುವೆ ಸಿಕ್ಕಿಕೊಂಡಿತು. ನೋಡದೆ ಜೋರಾಗಿ ಎಳೆದೆ. ರನ್ನರ್ ಬಾಯಿ ಅಗಲವಾಯಿತು. ಅವತ್ತಿನಿಂದ ಮುಂದೆ ಮುಚ್ಚಿದರೆ ಹಿಂದೆ ಬಿಚ್ಚಿಕೊಳ್ಳುತ್ತದೆ.

ಹಾಗಾದಾಗ ಜಿಪ್ಪು ಬದಲಿಸಲು ಓಡಬೇಡಿ. ರನ್ನರಿನ ಎರಡು ಪಕ್ಕವನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ. ಒಂದೇ ಸಲ ಜೋರಾಗಿ ಅಲ್ಲ. ಸ್ವಲ್ಪ ಒತ್ತುವುದು, ಎಳೆದು ನೋಡುವುದು, ಮತ್ತೆ ಸ್ವಲ್ಪ. ಮದುವೆ ಸೀಸನ್ ಒಂದು ಮುಗಿಯುವ ತನಕ ನಡೆಯುತ್ತದೆ. ಬಿಗಿಯಾಗಿ ಓಡುವ ಜಿಪ್ಪಿಗೆ ಮೇಣದಬತ್ತಿ ಉಜ್ಜಿ. ಎಣ್ಣೆ ಬಿಡಬೇಡಿ, ದುರ್ಗದ ಧೂಳು ಅದಕ್ಕೇ ಬಂದು ಕೂರುತ್ತದೆ.

ಕೊಳ್ಳುವಾಗ ರನ್ನರಿನ ಹಿಂದೆ ನೋಡಿ. ಸಾಮಾನ್ಯವಾಗಿ ಸಣ್ಣಗೆ 5, 8, 10 ಅಂತ ಇರುತ್ತದೆ. ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ದೊಡ್ಡ ಬಾಯಿಗೆ 8 ಆದರೂ ಇರಲಿ. ಜಪಾನಿನ ವೈಕೆಕೆ ಜಿಪ್ಪು ಇದ್ದರೆ ಒಳ್ಳೆಯದು. 1934ರಿಂದ ಇರುವ ಕಂಪನಿ. ಜಿಪ್ಪಿಗೆ ದುಡ್ಡು ಹಾಕಿದವನು ಹೊಲಿಗೆಗೂ ಹಾಕಿರುತ್ತಾನೆ ಅಂತ ನನ್ನ ಲೆಕ್ಕ.

ಬೆಣ್ಣೆಖಾಲಿ

ಬ್ಯಾಗಿನಿಂದ ಅಕ್ಷತೆ ಕೆಡವಿದರೆ ಒಂದು ಪಾವು ಚಿತ್ರಾನ್ನ ಆಗುತ್ತದೆ ಅನ್ನಿ.

ಛತ್ರದ_ಫ್ಲ್ಯಾಶ್

ಆಷಾಢದಲ್ಲಿ ಕೆಲಸ ಇಲ್ಲದಾಗ ಅದನ್ನೇ ಮಾಡುವುದು.

ಹೊಸ_ಕ್ಲಿಕ್ಕು (ಹರಿಹರ)

ನಾನು ಮೊದಲ ಸಲ ಕ್ಯಾಮೆರಾ ತೆಗೆದುಕೊಂಡಿದ್ದೇನೆ. ಹೊಸ ಬ್ಯಾಗೇ ಬೇಕು. ಸುಮ್ನೆ ಒಂದು ಹೆಸರು ಹೇಳಿಬಿಡಿ ಸರ್.

ಹಳೇ_ರೀಲು

ಹೆಸರು ಬೇಕಾದಷ್ಟಿವೆ. ಲೋಪ್ರೊ ಇದೆ, 1967ರಿಂದ. ಥಿಂಕ್ ಟ್ಯಾಂಕ್ ಇದೆ. ಆದರೆ ಒಂದೇ ಕಂಪನಿಯಲ್ಲೇ ಒಂದು ಬ್ಯಾಗು ಗಟ್ಟಿ, ಇನ್ನೊಂದು ಪೊಳ್ಳು ಇರಬಹುದು. ಕೈಯಲ್ಲಿ ಹಿಡಿದು ನೋಡಪ್ಪ. ಅಂಗಡಿಗೆ ನಿನ್ನ ಕ್ಯಾಮೆರಾ ಒಯ್ಯಿ, ಒಳಗೆ ಹಾಕು, ಅಡ್ಡ ಹಾಕಿಕೊಂಡು ಹತ್ತು ನಿಮಿಷ ಓಡಾಡು. ಅಂಗಡಿಯವನು ಗೊಣಗಲಿ ಬಿಡು.

ರೆಕ್ಸಿನ್_ಮನೆ

ಹೆಬ್ಬೆರಳಿನಿಂದ ಒಳಗಿನ ಫೋಮು ಒತ್ತಿ ನೋಡು ತಮ್ಮಾ. ಗಾದಿ ಅಂಗಡಿ ಸ್ಪಂಜಿನ ಹಾಗೆ ಪೂರ್ತಿ ಒಳಗೆ ಹೋಗಿ ಆಚೆ ಬಟ್ಟೆ ಬೆರಳಿಗೆ ಸಿಕ್ಕಿದರೆ ಬಿಟ್ಟುಬಿಡು. ವರ್ಷ ತುಂಬುವುದರೊಳಗೆ ಹಪ್ಪಳ ಆಗುತ್ತದೆ. ಒತ್ತಿದಾಗ ಎದುರು ತಳ್ಳುವ ಫೋಮು ಬೇಕು, ಹವಾಯಿ ಚಪ್ಪಲಿ ಒತ್ತಿದ ಹಾಗೆ.

ಮೇಷ್ಟ್ರೇ, ನಿಮಗೆ ಹೊಸದು ಯಾಕೆ ಅಂತ ನನಗೆ ಅನ್ನಿಸುತ್ತಿದೆ. ಬಟ್ಟೆ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಫೋಮು ಹೇಗಿದೆ?

ಕಲ್ಲಿನಕೋಟೆ

ಈಗ ಒತ್ತಿ ನೋಡಿದೆ. ಚಪ್ಪಲಿಯ ಹಾಗೇ ಇದೆ! ಎರಡು ಮೆಟ್ಟಿಲು ಬಿದ್ದರೂ ಬಾಡಿ ಉಳಿದದ್ದು ಅದರಿಂದಲೇ ಇರಬೇಕು. ಹುಕ್ಕು ಮುರಿದ ಕಡೆ ನೀವು ಹೇಳಿದ ಹಾಗೆ ರವೆ ರವೆ, ಬೂದು.

ರೆಕ್ಸಿನ್_ಮನೆ

ಹಾಗಾದರೆ ಹುಕ್ಕು, ಡಿ ರಿಂಗು ಎಲ್ಲ ಕಿತ್ತು ಹಾಕಿ. ಒಂದೂವರೆ ಇಂಚಿನ ನೈಲಾನ್ ಬೆಲ್ಟು ತಗೊಂಡು ತಳ ಸುತ್ತಿಸಿ ಹೊಲಿಸಿ. ಎರಡೂ ಪಕ್ಕ ಚೌಕ ಹೊಲಿಗೆ, ಚೌಕದೊಳಗೆ ಅಡ್ಡಡ್ಡ ಎರಡು ಗೆರೆ. ಮನೆ ಮಷೀನಿನಲ್ಲಿ ಪ್ರಯತ್ನ ಬೇಡ, ನಾಲ್ಕು ಪದರಕ್ಕೆ ಸೂಜಿ ಮುರಿದು ಕಣ್ಣಿಗೆ ಹಾರೀತು. ಚಪ್ಪಲಿ, ರೆಕ್ಸಿನ್ ಹೊಲಿಯುವವರ ಹತ್ತಿರ ಹೋಗಿ. ಅವರಿಗೆ ನೈಲಾನ್ ದಾರ ಹಾಕಲು ಹೇಳಿ. ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ.

ಬೆಲ್ಟು ಕೊಳ್ಳುವಾಗ ಮೋಸ ಹೋಗಬೇಡಿ. ನೈಲಾನ್ ಅಂತ ಪಾಲಿಪ್ರೊಪಿಲೀನ್ ಕೊಡುತ್ತಾರೆ. ಅದು ಬಿಸಿಲಿಗೆ ಪ್ಲಾಸ್ಟಿಕ್ ಹಗ್ಗದ ಹಾಗೆ ಪುಡಿಯಾಗುತ್ತದೆ. ಒಂದು ಚೂರು ಕತ್ತರಿಸಿ ನೀರಿನ ಲೋಟಕ್ಕೆ ಹಾಕಿ, ಬೆರಳಿನಿಂದ ಹಿಸುಕಿ ಗಾಳಿ ತೆಗೆಯಿರಿ. ನೈಲಾನ್ ಮುಳುಗುತ್ತದೆ. ಇನ್ನೊಂದು ತೇಲುತ್ತದೆ.

ಗಾಳಿಮರ

ಇದು ನನಗೆ ಗೊತ್ತಿರಲಿಲ್ಲ ಅಣ್ಣಾ. ಈಗಲೇ ನನ್ನ ಬೆನ್ನಿನ ಬ್ಯಾಗಿನ ಬೆಲ್ಟಿನ ತುದಿ ಕತ್ತರಿಸಿ ಹಾಕಿದೆ. ತೇಲುತ್ತಿದೆ.

ಬೆಣ್ಣೆಖಾಲಿ

ಇನ್ನೊಂದು ಎಳೆ ಶುರು ಮಾಡಿ: ‘ಗಟ್ಟಿ ಬೆನ್ನಿನ ಬ್ಯಾಗು ಯಾವುದು?’

ಕಲ್ಲಿನಕೋಟೆ

ಐದು ವಾರ ಆಯಿತು, ಹೇಳಿಹೋಗೋಣ ಅಂತ ಬಂದೆ.

ಬೆಲ್ಟು, ಹೊಲಿಗೆ, ಸೊಂಟದ ಪಟ್ಟಿ ಎಲ್ಲ ಸೇರಿ ಮುನ್ನೂರೈವತ್ತು ರೂಪಾಯಿ. ಮೊದಲ ಅಂಗಡಿಯ ಬೆಲ್ಟು ತೇಲಿತು. ಎರಡನೆಯದು ಮುಳುಗಿತು. ಹೊಲಿದವರು ಚೌಕದೊಳಗೆ ಗೆರೆ ಯಾಕೆ ಅಂತ ಕೇಳಿದರು, ಆಮೇಲೆ ಅವರೇ ಎರಡು ಗೆರೆ ಜಾಸ್ತಿ ಹಾಕಿಕೊಟ್ಟರು. ಕ್ಯಾಮೆರಾ ಹಾಕುವ ಮೊದಲು ಹತ್ತು ಕಿಲೋ ಜೋಳ ತುಂಬಿ ರಾತ್ರಿಯೆಲ್ಲ ಜಂತಿಗೆ ನೇತುಹಾಕಿದ್ದೆ. ಬೆಳಿಗ್ಗೆ ಒಂದು ಎಳೆಯೂ ಎದ್ದಿರಲಿಲ್ಲ. ನಮ್ಮಮ್ಮ ಮಾತ್ರ ಜೋಳಕ್ಕೆ ಇದೇನು ಹೊಸ ಮರ್ಯಾದೆ ಅಂದರು.

ನಾಲ್ಕು ಭಾನುವಾರ ಕೋಟೆ ಹತ್ತಿದೆ. ನೀರಿನ ಬಾಟಲಿ ಈಗ ಸ್ನೇಹಿತನ ಹೆಗಲಿಗೆ. ಖಾಲಿ ಬ್ಯಾಗು ಐವತ್ತು ಗ್ರಾಂ ಭಾರ ಹೆಚ್ಚಾಗಿದೆ, ಹೆಗಲಿಗೆ ಗೊತ್ತಾಗುವುದಿಲ್ಲ. ಒಂದೇ ತೊಂದರೆ. ಬೆಲ್ಟು ತಳದಲ್ಲಿ ಇರುವುದರಿಂದ ಬ್ಯಾಗು ನೆಲದ ಮೇಲೆ ಸಮವಾಗಿ ಕೂರುವುದಿಲ್ಲ, ಸ್ವಲ್ಪ ವಾಲುತ್ತದೆ.

ಕುಂದವಾಡದ_ಹಕ್ಕಿ

ವಾಲುವ ಕಡೆ ಮೂಲೆಗೆ ಹಳೇ ಚಪ್ಪಲಿಯ ಚೂರು ಅಂಟಿಸಿ. ಒದ್ದೆ ನೆಲದಿಂದಲೂ ಮೇಲಿರುತ್ತದೆ.

ಕಲ್ಲಿನಕೋಟೆ

ಒಳ್ಳೆ ಐಡಿಯಾ ಅಕ್ಕ. ಫಿಲ್ಟರ್ ರಿಂಗು ಮಾತ್ರ ಇನ್ನೂ ಲೆನ್ಸಿಗೇ ಕಚ್ಚಿಕೊಂಡಿದೆ. ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿದೆ, ಆಗಲಿಲ್ಲ. ನಮ್ಮ ಪಕ್ಕದ ಮನೆಯವರು ಗರಗಸ ತರಲೇ ಅಂದರು.

ಛತ್ರದ_ಫ್ಲ್ಯಾಶ್

ಗರಗಸ ಗಿರಗಸ ಬೇಡ ಮೇಷ್ಟ್ರೇ! ಲೆನ್ಸಿನ ಮೂತಿ ಹೋಗುತ್ತದೆ. ನನ್ನ ಹತ್ತಿರ ಫಿಲ್ಟರ್ ಬಿಚ್ಚುವ ರೆಂಚ್ ಇದೆ. ಭಾನುವಾರ ಮುಹೂರ್ತ ಇಲ್ಲ, ಬಸ್ಸು ಹತ್ತಿ ದಾವಣಗೆರೆಗೆ ಬನ್ನಿ. ಬ್ಯಾಗೂ ತನ್ನಿ, ಆ ಹೊಲಿಗೆ ನಾನೂ ನೋಡಬೇಕು.

ಕಲ್ಲಿನಕೋಟೆ

ಬರುತ್ತೇನೆ. ಹತ್ತು ಗಂಟೆಯೊಳಗೆ ಅಲ್ಲಿರುತ್ತೇನೆ.

ಬೆಣ್ಣೆಖಾಲಿ

ದೋಸೆ ಮೇಷ್ಟ್ರದ್ದು. ಉಳಿದ ನಾಲ್ಕು ಸಾವಿರದ ಆರುನೂರೈವತ್ತು ರೂಪಾಯಿಯ ಲೆಕ್ಕ ನಾನು ಮರೆತಿಲ್ಲ.